ಸಂಘ-ಸಂಸ್ಥೆಗಳ ಪ್ರಕಟಣೆಗಳು: ಹೆಚ್ಚಿನ ಓದುಗರನ್ನು ತಲುಪಲು ಗಮನಿಸಬೇಕಾದ ಅಂಶಗಳು

ನೋಂದಾಯಿತ ಸಂಘಗಳು, ಸಹಕಾರ ಸಂಸ್ಥೆಗಳು ಹಾಗೂ ಟ್ರಸ್ಟ್‌ಗಳು ತಮ್ಮ ಕಾರ್ಯಕ್ಷೇತ್ರದ ತಿಳಿವಳಿಕೆಯನ್ನು ಸದಸ್ಯರಲ್ಲದವರಿಗೂ ಮುಟ್ಟಿಸಲು ಪುಸ್ತಕ ಅಥವಾ ನಿಯತಕಾಲಿಕವನ್ನು ಹೊರತರಬಹುದು. ಇವೆರಡಕ್ಕೆ ಅನ್ವಯವಾಗುವ ನಿಯಮಗಳು ಬೇರೆಯಾಗಿದ್ದು, ಯಾವುದನ್ನು ಹೊರತರಬೇಕೆಂಬುದನ್ನು ಮುದ್ರಣಕ್ಕೆ ಮುನ್ನವೇ ನಿರ್ಧರಿಸಿಕೊಳ್ಳುವುದು ಸೂಕ್ತ.

ವಿಷಯದ ಆಯ್ಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರಿನಲ್ಲಿ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಈ ದಿಸೆಯಲ್ಲಿ ಉತ್ತಮ ನಿದರ್ಶನ. ಬೆಳೆಗಾರರ ಅನುಭವವನ್ನು ಬೆಳೆಗಾರರೇ ಬರೆಯಬೇಕೆಂಬ ನಿಲುವಿನಿಂದ ಹೊರಟ ಈ ಮಾಸಿಕವು ಅಡಿಕೆಗಷ್ಟೇ ಸೀಮಿತವಾಗದೆ ಹಲಸು, ಮಳೆನೀರಿನ ಸಂಗ್ರಹ ಮೊದಲಾದ ವಿಷಯಗಳನ್ನೂ ಕೈಗೆತ್ತಿಕೊಂಡಿತು. ಹೊರಗಿನ ಓದುಗನಿಗೆ ಬೇಕಾಗುವುದು ಇಂತಹ ಉಪಯುಕ್ತ ಮಾಹಿತಿ. ಸನ್ಮಾನ ಸಮಾರಂಭಗಳ ಛಾಯಾಚಿತ್ರಗಳಿಂದಲೇ ತುಂಬಿದ ಸಂಚಿಕೆಯನ್ನು ಸದಸ್ಯರಲ್ಲದವರು ಹಣ ಕೊಟ್ಟು ಓದುವುದು ವಿರಳ.

ನಿಯತಕಾಲಿಕಗಳು

1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಅಧಿನಿಯಮದ ಬದಲಿಗೆ 2023ರ ಪತ್ರಿಕಾ ಮತ್ತು ನಿಯತಕಾಲಿಕ ನೋಂದಣಿ ಅಧಿನಿಯಮವು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಸುದ್ದಿಯನ್ನಾಗಲಿ, ಅದರ ಕುರಿತ ಅಭಿಪ್ರಾಯವನ್ನಾಗಲಿ ಒಳಗೊಂಡು ನಿಯತ ಅವಧಿಗೊಮ್ಮೆ ಮುದ್ರಿತವಾಗುವ ಪ್ರಕಟಣೆಗೆ ನೋಂದಣಿ ಕಡ್ಡಾಯ. ಪುಸ್ತಕಗಳಿಗೂ ವೈಜ್ಞಾನಿಕ, ತಾಂತ್ರಿಕ ಹಾಗೂ ಶೈಕ್ಷಣಿಕ ಸ್ವರೂಪದ ಸಂಶೋಧನಾ ಪತ್ರಿಕೆಗಳಿಗೂ ಇದು ಅನ್ವಯಿಸುವುದಿಲ್ಲ. ‘ಪ್ರೆಸ್ ಸೇವಾ’ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬೇಕು. ನೋಂದಣಿಯಿಲ್ಲದೆ ಪ್ರಕಟಿಸಿದಲ್ಲಿ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಸಣ್ಣ ಸಂಘವೊಂದಕ್ಕೆ ಇದು ಹಲವು ವರ್ಷಗಳ ಚಂದಾ ಹಣವಾಗಬಹುದು.

ಪ್ರಕಟಣೆ ನಿರಂತರವಾಗಿಲ್ಲದಿದ್ದರೆ ನೋಂದಣಿಯನ್ನು ಅಮಾನತುಗೊಳಿಸಲೂ ಅವಕಾಶವಿದೆ. ಆದುದರಿಂದ ಉತ್ಸಾಹದಲ್ಲಿ ಮಾಸಿಕವೆಂದು ನೋಂದಾಯಿಸಿ ನಡುವೆ ನಿಲ್ಲಿಸುವುದಕ್ಕಿಂತ, ಸಂಸ್ಥೆಯ ಶಕ್ತಿಗನುಸಾರವಾಗಿ ತ್ರೈಮಾಸಿಕವನ್ನು ಆಯ್ದುಕೊಳ್ಳುವುದು ಮೇಲು.

ಪುಸ್ತಕಗಳು

ಬಿಡುಗಡೆ ಸಮಾರಂಭದ ನಂತರ ಪ್ರತಿಗಳು ಸಂಸ್ಥೆಯ ಕಪಾಟಿನಲ್ಲಿಯೇ ಉಳಿಯುವುದುಂಟು. ಪುಸ್ತಕವು ದೂರದ ಓದುಗರಿಗೆ ದೊರೆಯಬೇಕಾದರೆ ಗ್ರಂಥಾಲಯಗಳ ಸೂಚಿಯಲ್ಲಿ ಅದು ಸೇರಿರಬೇಕು. 1954ರ ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಕೆ ಅಧಿನಿಯಮದ ಪ್ರಕಾರ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ ಮತ್ತು ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ಸ್ವಂತ ವೆಚ್ಚದಲ್ಲಿ ತಲಾ ಒಂದು ಪ್ರತಿಯನ್ನು ಕಳುಹಿಸತಕ್ಕದ್ದು. ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಸಗಟು ಖರೀದಿ ಯೋಜನೆಯಡಿ ಪುಸ್ತಕಗಳನ್ನು ಆಯ್ಕೆ ಮಾಡುತ್ತದೆ. ಆಯಾ ಸಾಲಿನ ಪ್ರಕಟಣೆಯಲ್ಲಿನ ಷರತ್ತುಗಳನ್ನು ಓದಿಕೊಂಡು ಕೊನೆಯ ದಿನಾಂಕದೊಳಗೆ ಅರ್ಜಿ ಸಲ್ಲಿಸಬೇಕು.

ಲೇಖಕರೊಂದಿಗೆ ಒಪ್ಪಂದ

ಹಲವು ಸಂಸ್ಥೆಗಳು ಅಲಕ್ಷಿಸುವ ಅಂಶವಿದು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಹಕ್ಕುಗಳ ವರ್ಗಾವಣೆಯು ಲಿಖಿತವಾಗಿದ್ದು, ಲೇಖಕರ ಸಹಿಯನ್ನು ಹೊಂದಿರಬೇಕು. ಅವಧಿಯನ್ನು ನಮೂದಿಸದಿದ್ದರೆ 5 ವರ್ಷಗಳೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಪರಿಗಣಿಸಲಾಗುತ್ತದೆ. ಹೊರದೇಶಗಳ ಕನ್ನಡ ಸಂಘಗಳ ಮೂಲಕ ಪುಸ್ತಕ ಮಾರಲು ಅಥವಾ ಹಲವು ವರ್ಷಗಳ ಬಳಿಕ ಮರುಮುದ್ರಿಸಲು ಬಯಸುವವರು ಈ ಎರಡನ್ನೂ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳುವುದು ಅವಶ್ಯ.

ಐಎಸ್‌ಬಿಎನ್

ಪುಸ್ತಕದ ಗುರುತಿಗಾಗಿ ನೀಡಲಾಗುವ 13 ಅಂಕಿಗಳ ಈ ಸಂಖ್ಯೆಯು ಪುಸ್ತಕ ವ್ಯಾಪಾರಿಗಳಿಗೂ ಗ್ರಂಥಾಲಯಗಳಿಗೂ ಅನುಕೂಲ. ಇದರಿಂದ ಕೃತಿಸ್ವಾಮ್ಯದ ಹಕ್ಕೇನೂ ಲಭಿಸುವುದಿಲ್ಲ. ಭಾರತದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದಡಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯು ಇದನ್ನು ಉಚಿತವಾಗಿ ನೀಡುತ್ತದೆ. ಅರ್ಜಿದಾರರು ಇದಕ್ಕಾಗಿ ಮಧ್ಯವರ್ತಿಗಳಿಗೆ ಹಣ ಪಾವತಿಸಬೇಕಾಗಿಲ್ಲ.