ಗೀಳು

ಗೀಳು ಎಂಬ ಮಾತನ್ನು ಕನ್ನಡಿಗರು ಧಾರಾಳವಾಗಿ ಬಳಸುತ್ತಾರೆ. ಓದಿನ ಗೀಳು, ಕ್ರಿಕೆಟ್ ಗೀಳು, ಯಕ್ಷಗಾನದ ಗೀಳು. ಇವೆಲ್ಲ ಬಿಡಲಾರದ ಆಸೆಗಳು. ಯಕ್ಷಗಾನದ ಆಟದ ಗೀಳು ಹತ್ತಿದವನು ರಾತ್ರಿಯಿಡೀ ನಿದ್ದೆಗೆಟ್ಟರೂ ಬೆಳಗ್ಗೆ ಖುಷಿಯಲ್ಲೇ ಮನೆಗೆ ಬರುತ್ತಾನೆ. ಅದೇ ಮಾತು ಮನೋವೈದ್ಯರ ಬಳಕೆಯಲ್ಲಿ 'ಗೀಳು ಮನೋರೋಗ' ಆದಾಗ ಖುಷಿ ಪೂರ್ತಿ ಮಾಯವಾಗುತ್ತದೆ. ಒಸಿಡಿ ಎಂದು ಈಗ ಎಲ್ಲರೂ ಕೇಳಿರುವ ಕಾಯಿಲೆ ಇದೇ. ಬೇಡವೆಂದರೂ ನುಗ್ಗುವ ಯೋಚನೆ, ಅದು ತರುವ ದಿಗಿಲು, ದಿಗಿಲು ಇಳಿಸಲು ಮತ್ತೆ ಮತ್ತೆ ಮಾಡುವ ಕೆಲಸ. ಯೋಚನೆ ಹುರುಳಿಲ್ಲದ್ದೆಂದು ರೋಗಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ಬಿಡಲಾಗದಿರುವುದೇ ಸಂಕಟ.

ಕಾರವಾರಕ್ಕೂ ಅಂಕೋಲೆಗೂ ನಡುವಿನ ಹಾರವಾಡದಂಥ ಊರಿನಲ್ಲಿ ಈ ಕಾಯಿಲೆ ಬೇರೆ ಮಾತುಗಳ ಮರೆಯಲ್ಲಿ ಇದ್ದುಬಿಡಬಲ್ಲದು. ತೊಳೆಯುವ ಗೀಳಿಗೆ 'ಮಡಿ ಜಾಸ್ತಿ' ಎನ್ನುತ್ತಾರೆ, ಮಿತಿಮೀರಿದರೆ 'ಮಳ್ಳು' ಎನ್ನುತ್ತಾರೆ. ಎರಡೂ ತಪ್ಪು. ಮಡಿಗೆ, ಸೂತಕಕ್ಕೆ ಕೊನೆಯೆಂಬುದಿದೆ. ಮಿಂದರೆ, ದಿನ ಕಳೆದರೆ ಮುಗಿಯಿತು. ರೋಗದಲ್ಲಿ ಆ 'ಮುಗಿಯಿತು' ಎಂಬ ಸಮಾಧಾನವೇ ಹುಟ್ಟುವುದಿಲ್ಲ. ಕೈಗೆ ಸೋಪು ಹಚ್ಚಿ ತೊಳೆದಾಗ ನಲ್ಲಿಗೆ ಕೈ ತಾಗಿತೆಂದು ನಲ್ಲಿ ತೊಳೆಯಬೇಕು, ನಲ್ಲಿ ತೊಳೆದ ಕೈಯನ್ನು ಮತ್ತೆ ತೊಳೆಯಬೇಕು. ಬೆರಳ ಸಂದಿ ಬಿಳುಚಿ ಒಡೆದು ಉರಿಯುತ್ತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಾವಿಯ ನೀರು ತಳ ಕಂಡಾಗ ಇದು ಇಡೀ ಮನೆಯ ಜಗಳವಾಗುತ್ತದೆ.

ಇನ್ನೊಬ್ಬರಿಗೆ ಬೀಗದ ಸಂಶಯ. ಹಾರವಾಡ ಸ್ಟೇಷನ್ನಿಗೆ ಹೊರಟವರು ಅರ್ಧ ದಾರಿಯಿಂದ ಹಿಂದಿರುಗಿ ಬೀಗ ಜಗ್ಗಿ ನೋಡುತ್ತಾರೆ, ಗ್ಯಾಸ್ ನೋಡುತ್ತಾರೆ. ಅಷ್ಟರಲ್ಲಿ ರೈಲು ಹೋಗಿರುತ್ತದೆ. ಕಣ್ಣಿಗೆ ಕಾಣದ ಬಗೆಯೂ ಉಂಟು: ದೇವರ ಮುಂದೆ ಕೈಮುಗಿದಾಗಲೇ ಬರುವ ಕೆಟ್ಟ ಮಾತು, ಕೂಸನ್ನೆತ್ತಿದ ತಾಯಿಗೆ 'ನಾನೇ ಏನಾದರೂ ಮಾಡಿಬಿಟ್ಟರೆ' ಎಂಬ ಹೆದರಿಕೆ. ಇಂಥವರು ಕತ್ತಿ ಮುಟ್ಟುವುದನ್ನೇ ಬಿಡುತ್ತಾರೆ. ಈ ಯೋಚನೆ ಅವರ ಆಸೆಯಲ್ಲ, ಅವರಿಗೆ ಅತ್ಯಂತ ಅಸಹ್ಯವಾದದ್ದು. ನಾಚಿಕೆಯಿಂದ ವರ್ಷಗಟ್ಟಲೆ ಬಾಯಿಬಿಡದವರಲ್ಲಿ ಇವರೇ ಮೊದಲಿಗರು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಈ ರೋಗ ವಯಸ್ಕರಲ್ಲಿ ಶೇ. 0.8ರಷ್ಟು ಕಂಡುಬಂದಿತ್ತು. ಅಂದರೆ ಸುಮಾರು 125 ಮಂದಿಗೆ ಒಬ್ಬರು. ಸ್ವಚ್ಛತೆಯ ಇಷ್ಟವೆಲ್ಲ ರೋಗವಲ್ಲ. ದಿನಕ್ಕೆ ಒಂದು ತಾಸಿಗೂ ಮಿಕ್ಕಿ ಇದರಲ್ಲೇ ಕಳೆದರೆ, ಇಲ್ಲವೇ ಕೆಲಸ, ಓದು, ಸಂಸಾರ ಕೆಟ್ಟರೆ ವೈದ್ಯರು ರೋಗವೆಂದು ಗಣಿಸುತ್ತಾರೆ.

ಮನೆಯವರು ಪ್ರೀತಿಯಿಂದಲೇ ಇದನ್ನು ಬೆಳೆಸುವುದುಂಟು. 'ಬೀಗ ಹಾಕಿದೆ, ನಾನೇ ನೋಡಿದೆ' ಎಂದು ಹತ್ತನೇ ಸಲ ಹೇಳುವ ಗಂಡ ಆ ಗಳಿಗೆಗೆ ನೆಮ್ಮದಿ ಕೊಡುತ್ತಾನೆ, ಹನ್ನೊಂದನೆಯ ಪ್ರಶ್ನೆಗೂ ದಾರಿ ಮಾಡುತ್ತಾನೆ. ಚಿಕಿತ್ಸೆಯ ಹಾದಿ ಇದಕ್ಕೆ ಎದುರಾದದ್ದು. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ತೋರಿಸಿದ ಕ್ರಮದಲ್ಲಿ ರೋಗಿ ಹೆದರುವ ವಸ್ತುವನ್ನು ಮುಟ್ಟಿ, ತೊಳೆಯದೆ ಇರಬೇಕು. ದಿಗಿಲು ಏರುತ್ತದೆ, ಕೆಲಹೊತ್ತಿಗೆ ತಾನಾಗಿ ಇಳಿಯುತ್ತದೆ. ಇದನ್ನು ಸುಲಭದ್ದರಿಂದ ಕಷ್ಟದ್ದಕ್ಕೆ ಹಂತಹಂತವಾಗಿ, ತರಬೇತಾದವರ ಜೊತೆ ಮಾಡಿಸುತ್ತಾರೆ. ಫ್ಲೂಆಕ್ಸೆಟಿನ್, ಸರ್ಟ್ರಾಲಿನ್‌ನಂಥ ಮಾತ್ರೆಗಳೂ ಕೆಲಸ ಮಾಡುತ್ತವೆ, ಆದರೆ ಪರಿಣಾಮ ಗೊತ್ತಾಗಲು ಎರಡು-ಮೂರು ತಿಂಗಳು ಬೇಕು. ಎರಡೇ ವಾರಕ್ಕೆ 'ಗುಣವಿಲ್ಲ' ಎಂದು ಬಿಟ್ಟುಬಿಡುವುದು ದೊಡ್ಡ ನಷ್ಟ. ಹಾರವಾಡದವರಿಗೆ ಹತ್ತಿರದ ದೊಡ್ಡ ಸರಕಾರಿ ಆಸ್ಪತ್ರೆ ಕಾರವಾರದ ವೈದ್ಯಕೀಯ ಕಾಲೇಜಿನದು. ಮೊದಲ ಮಾತಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.