ಜಾಯ್‌ಸ್ಟಿಕ್ ಸೂಕ್ಷ್ಮತೆ: ವಿಕಲಚೇತನರ ಗೇಮ್ ಕಂಟ್ರೋಲರ್‌ಗಳಲ್ಲಿ

ಜಾಯ್‌ಸ್ಟಿಕ್ಕಿನ ವಾಲಿಕೆಗೆ ಕಂಪ್ಯೂಟರ್ ಎಷ್ಟು ಸ್ಪಂದಿಸಬೇಕೆಂಬುದನ್ನು ಆಟಗಾರರ ಕೈಯ ಬಲ, ಚಲನೆಯ ವ್ಯಾಪ್ತಿ ಮತ್ತು ನಡುಕಕ್ಕೆ ಹೊಂದಿಸುವ ಕ್ರಮ. ಹೆಸರು ಒಂದಾದರೂ ಹೊಂದಿಸಬೇಕಾದವು ಕನಿಷ್ಠ ಮೂರು: ವಾಲಿಕೆಯನ್ನು ಲೆಕ್ಕಿಸದ ನಡುವಿನ ಡೆಡ್‌ಝೋನ್, ಪೂರ್ಣ ವೇಗ ಸಿಗುವ ಹೊರಮಿತಿ, ಇವೆರಡರ ನಡುವಣ ವಾಲಿಕೆಯನ್ನು ವೇಗವಾಗಿಸುವ ವಕ್ರರೇಖೆ.

ಉಪಕರಣಗಳು
ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ 2018ರಲ್ಲಿ ಬಂದಿತು. ಹೊರಗಿನ ಸ್ವಿಚ್ಚುಗಳಿಗೆ 3.5 ಮಿ.ಮೀ.ನ 19 ಜ್ಯಾಕ್‌ಗಳೂ ಜಾಯ್‌ಸ್ಟಿಕ್‌ಗಳಿಗೆ ಎರಡು ಯುಎಸ್‌ಬಿ ಪೋರ್ಟ್‌ಗಳೂ ಇದರಲ್ಲಿವೆ. ಸೋನಿಯ ಆಕ್ಸೆಸ್ ಕಂಟ್ರೋಲರ್ 2023ರದು.

ಲೆಕ್ಕ
ವಿಂಡೋಸ್‌ನ ಎಕ್ಸ್‌ಇನ್‌ಪುಟ್ ಎಂಬ ಕಂಟ್ರೋಲರ್ ಇಂಟರ್‌ಫೇಸ್ ಪ್ರತಿ ಅಕ್ಷದ ಸ್ಥಾನವನ್ನು −32768ರಿಂದ 32767ರವರೆಗಿನ ಸಂಖ್ಯೆಯಾಗಿ ಕೊಡುತ್ತದೆ. ಎಡ ಸ್ಟಿಕ್ಕಿಗೆ ಅದು ಸೂಚಿಸುವ ಡೆಡ್‌ಝೋನ್ 7849, ಬಲಕ್ಕೆ 8689. ಅಂದರೆ ಸುಮಾರು ಶೇ. 24 ಮತ್ತು 26.5. ವಾಲಿಕೆ ಅಳೆಯುವ ಪೊಟೆನ್ಷಿಯೋಮೀಟರ್ ಸವೆದು ಅದರ ಅಳತೆ ತಾನಾಗಿ ಸರಿಯುವುದನ್ನು ಮರೆಮಾಡಲು ಇಷ್ಟು ಅಗಲ ಅನುಕೂಲವೇ. ಆದರೆ ಪೂರ್ಣ ವಾಲಿಕೆಯ ಶೇ. 40ನ್ನಷ್ಟೇ ಮುಟ್ಟಬಲ್ಲ ಕೈಗೆ, ಎಡ ಸ್ಟಿಕ್ಕಿನಲ್ಲಿ, ಅದರ ಚಲನೆಯ ಐದರಲ್ಲಿ ಮೂರು ಪಾಲು ಅಲ್ಲೇ ಕರಗಿಹೋಗುತ್ತದೆ. ಆಟದ ಮೆನುವಿನ ‘ಸೆನ್ಸಿಟಿವಿಟಿ’ ಏರಿಸಿದರೆ ಉಳಿದ ಚಲನೆಯ ಜೊತೆಗೆ ನಡುಕವೂ ಹಿಗ್ಗುತ್ತದೆ. ಹೀಗಾಗಿ ಮೊದಲು ಕೈಹಾಕಬೇಕಾದದ್ದು ಡೆಡ್‌ಝೋನ್ ಮತ್ತು ಹೊರಮಿತಿಗೆ. ಡೆಡ್‌ಝೋನ್ ಶೇ. 5, ಹೊರಮಿತಿ ಶೇ. 40 ಎಂದಿಟ್ಟರೆ ಶೇ. 20ರ ವಾಲಿಕೆ ಸುಮಾರು ಶೇ. 43ರ ವೇಗ ಕೊಡುತ್ತದೆ. ಅದರ ವರ್ಗ ತೆಗೆದುಕೊಳ್ಳುವ ವಕ್ರರೇಖೆಯಲ್ಲಿ ಶೇ. 18. ಗುರಿಯಿಡುವಾಗ ಎರಡನೆಯದು ಹೆಚ್ಚು ಹದ.

ಕೈ ಎಲ್ಲ ದಿಕ್ಕಿಗೂ ಸಮನಾಗಿ ಹೋಗದಿದ್ದರೆ ಪ್ರತಿ ದಿಕ್ಕಿಗೂ ಬೇರೆ ಮಿತಿ ಬೇಕು. ವಿಂಡೋಸ್‌ನ ಹಳೆಯ ಕ್ಯಾಲಿಬ್ರೇಷನ್ ಇದನ್ನು ಅಳೆಯುತ್ತದಾದರೂ ಎಲ್ಲ ಆಟಗಳೂ ಆ ಅಳತೆಯನ್ನು ಗಮನಿಸುವುದಿಲ್ಲ. ಆಗ ಸ್ಟೀಮ್ ಇನ್‌ಪುಟ್‌ನಂಥ ಮಧ್ಯವರ್ತಿ ತಂತ್ರಾಂಶ ಬೇಕಾಗಬಹುದು.

ಕಾರ್ಖಾನೆಯ ನಂಟು
ಈ ಲೆಕ್ಕ ಗೇಮುಗಳಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನಲ್ಲಿ, ಪೀಣ್ಯದ ಯಂತ್ರೋದ್ಯಮದಲ್ಲೂ ವೈಟ್‌ಫೀಲ್ಡ್ ಕಡೆ ಬೆಳೆದ ಯುಕೆನ್ ಇಂಡಿಯಾದಂಥ ಹೈಡ್ರಾಲಿಕ್ ಸಂಸ್ಥೆಗಳ ವಲಯದಲ್ಲೂ, ಇದರ ಹತ್ತಿರದ ನೆಂಟ ಸಿಗುತ್ತದೆ. ಕರೆಂಟಿಗೆ ತಕ್ಕಷ್ಟು ಎಣ್ಣೆ ಬಿಡುವ ಪ್ರಪೋರ್ಷನಲ್ ವಾಲ್ವ್‌ನ ಸ್ಪೂಲ್, ಅಂದರೆ ಒಳಗೆ ಸರಿಯುವ ದಂಡ, ಸಾಮಾನ್ಯವಾಗಿ ಎಣ್ಣೆಯ ರಂಧ್ರವನ್ನು ಅಂಚಿಗಿಂತ ತುಸು ಹೆಚ್ಚೇ ಮುಚ್ಚಿರುತ್ತದೆ. ಅದನ್ನು ಸರಿಸುವ ಸೊಲೆನಾಯ್ಡ್‌ಗೆ ಕರೆಂಟ್ ಹರಿದರೂ ಆರಂಭದಲ್ಲಿ ಎಣ್ಣೆ ಹರಿಯದು, ಇದೇ ಡೆಡ್‌ಬ್ಯಾಂಡ್. ಅದನ್ನು ಒಮ್ಮೆಗೇ ದಾಟಿಸಲು ಆಂಪ್ಲಿಫೈಯರ್ ಕಾರ್ಡಿನಲ್ಲಿ ಕನಿಷ್ಠ ಕರೆಂಟಿನ ತಿರುಪು, ವೇಗ ಮಿತಿಗೊಳಿಸಲು ಗರಿಷ್ಠದ್ದು, ಜರ್ಕ್ ತಪ್ಪಿಸಲು ಕರೆಂಟನ್ನು ಮೆಲ್ಲಗೆ ಏರಿಸುವ ರ‍್ಯಾಂಪ್. ಆಟದೊಳಗೇ ಅಡಗಿರುವ ಡೆಡ್‌ಝೋನನ್ನು ದಾಟಿಸುವ ‘ಆಂಟಿ-ಡೆಡ್‌ಝೋನ್’ ಮಾಡುವುದೂ ಆ ಮೊದಲ ತಿರುಪಿನ ಕೆಲಸವನ್ನೇ. ಸ್ಕ್ರೂಡ್ರೈವರ್ ಹಿಡಿದು ಇಂಥ ಕಾರ್ಡ್ ಹೊಂದಿಸಿದ ಫಿಟ್ಟರ್‌ಗೆ ಕಂಟ್ರೋಲರ್ ತಂತ್ರಾಂಶದ ಪರದೆ ಬಹುಶಃ ಅಪರಿಚಿತವೆನಿಸದು.

ಜಾಯ್‌ಸ್ಟಿಕ್ಕಿನ ಹಿಡಿಯ ಉದ್ದವೂ ಸೂಕ್ಷ್ಮತೆಯನ್ನು ಬದಲಿಸುತ್ತದೆ. ಉದ್ದ ಹಿಡಿಗೆ ಕಡಿಮೆ ಬಲ ಸಾಕು, ಆದರೆ ಕೈ ಹೆಚ್ಚು ದೂರ ಸರಿಯಬೇಕು. ಗಿಡ್ಡ ಹಿಡಿಗೆ ಇದರ ತದ್ವಿರುದ್ಧ. ನೈಲಾನ್ ಸರಳಿನಿಂದ ಬೇಕಾದ ಅಳತೆಯ ಹಿಡಿಯನ್ನು ಟರ್ನಿಂಗ್ ಮಾಡುವುದು ಲೇತ್ ಅಂಗಡಿಗೆ ಸಣ್ಣ ಕೆಲಸ.

ಕಾನೂನು
2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ದಿನಬಳಕೆಯ ಎಲೆಕ್ಟ್ರಾನಿಕ್ ಸಾಧನಗಳು ಸರ್ವರಿಗೂ ಒಗ್ಗುವ ವಿನ್ಯಾಸದಲ್ಲಿ ದೊರೆಯಬೇಕೆನ್ನುತ್ತದೆ. ಗೇಮ್ ಕಂಟ್ರೋಲರ್ ಎಂಬ ಹೆಸರು ಅದರಲ್ಲಿಲ್ಲ.

ಮಿತಿಗಳು
ಪಾರ್ಕಿನ್ಸನ್ ಕಾಯಿಲೆಯ ನಡುಕ ಸಾಮಾನ್ಯವಾಗಿ ಸೆಕೆಂಡಿಗೆ 4ರಿಂದ 6 ಬಾರಿ. ಅದನ್ನು ಸೋಸುವ ಫಿಲ್ಟರ್ ಬೇಕೆಂದೇ ಮಾಡಿದ ಚಲನೆಯನ್ನೂ ತಡವಾಗಿಸುತ್ತದೆ. ನಿಧಾನದ ಆಟಗಳಿಗೆ ಸರಿ, ರೇಸಿಂಗ್‌ಗೆ ಕಷ್ಟ. ಕೂರುವ ಭಂಗಿ ಬದಲಾದರೆ, ದಣಿವಾದರೆ ಕೈಯ ವ್ಯಾಪ್ತಿಯೂ ಬದಲಾಗುವುದರಿಂದ ಬೆಳಗಿನ ಮತ್ತು ಸಂಜೆಯ ಹೊಂದಿಕೆಗಳನ್ನು ಬೇರೆ ಪ್ರೊಫೈಲ್‌ಗಳಾಗಿ ಉಳಿಸಿಕೊಳ್ಳುವುದು ಒಳ್ಳೆಯದು.