ಟ್ರಾವೆಲ್ ಟ್ರೇಲರ್: ಓಡಿ ಸವೆಯುವುದಕ್ಕಿಂತ ನಿಂತಲ್ಲೇ ಹಾಳಾಗುವ ಗಾಡಿ

ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ, ಆದರೆ ಸ್ವಂತ ಎಂಜಿನ್ ಇಲ್ಲದ ಗಾಡಿಯೇ ಟ್ರಾವೆಲ್ ಟ್ರೇಲರ್. ಕಾರು ಅಥವಾ ಪಿಕಪ್ ಟ್ರಕ್ ಇದನ್ನು ಎಳೆಯುತ್ತದೆ. ಅಮೆರಿಕದಲ್ಲಿ ಇವುಗಳ ತಯಾರಿಕೆಯ ದೊಡ್ಡ ಕೇಂದ್ರ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್.

ಎಂಜಿನ್ ಇಲ್ಲದ ಮೇಲೆ ಖರ್ಚೇನು ಬಂತು ಎಂದುಕೊಂಡರೆ ತಪ್ಪು. ಇದರ ಮೊದಲ ಶತ್ರು ನೀರು. ಚಾವಣಿಯ ಅಂಚು, ಕಿಟಕಿಗಳ ಸುತ್ತ ಹಚ್ಚಿದ ಸೀಲಂಟ್ ಬಿಸಿಲಿಗೆ ಬಿರುಕು ಬಿಟ್ಟರೆ ಮಳೆನೀರು ಗೋಡೆಯೊಳಕ್ಕೆ ಇಳಿಯುತ್ತದೆ. ಹಲವು ಮಾದರಿಗಳಲ್ಲಿ ಒಳಗಿರುವುದು ಮರದ ಚೌಕಟ್ಟು. ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಮರ ಕೊಳೆತಿರುತ್ತದೆ. ಒಂದು ಟ್ಯೂಬ್ ಸೀಲಂಟ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಗೋಡೆ ಬಿಚ್ಚುವವರೆಗೆ ಹೋಗುತ್ತದೆ. ವರ್ಷಕ್ಕೆರಡು ಬಾರಿಯಾದರೂ ಏಣಿ ಹತ್ತಿ ಚಾವಣಿ ನೋಡಲೇಬೇಕು. ಹಳೆಯದನ್ನು ಕೊಳ್ಳುವವರು ಒಳಮೂಲೆಗಳನ್ನು, ನೆಲವನ್ನು ಒತ್ತಿ ನೋಡಬೇಕು. ಮೆತ್ತಗಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ.

ಟೈರ್ ಕಥೆಯೂ ಹೀಗೇ. ವರ್ಷದ ಬಹುಪಾಲು ನಿಂತೇ ಇರುವುದರಿಂದ ಸವೆದಂತೆ ಕಾಣುವುದಿಲ್ಲ, ಆದರೆ ರಬ್ಬರ್‌ಗೆ ವಯಸ್ಸಾಗುತ್ತದೆ. 5-6 ವರ್ಷಕ್ಕೆ ಬದಲಿಸುವುದು ರೂಢಿ. ಟೈರ್ ಬದಿಯಲ್ಲಿರುವ ಡಾಟ್ ಸಂಖ್ಯೆಯ ಕೊನೆಯ 4 ಅಂಕಿಗಳನ್ನು ಓದಿದರೆ ವಯಸ್ಸು ಗೊತ್ತಾಗುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು.

ಹಿಮ ಬೀಳುವ ಕಡೆ ಚಳಿಗಾಲಕ್ಕೆ ಮುನ್ನ ಪೈಪ್‌ಗಳ ನೀರು ಖಾಲಿ ಮಾಡದಿದ್ದರೆ ಅದು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ.

ಮಕ್ಕಳು ಬೆಳೆದಂತೆ ಸೈಕಲ್, ಸಾಮಾನು ಹೆಚ್ಚುತ್ತವೆ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತುಂಬಿದ ಟ್ರೇಲರ್‌ನ ತೂಕದ ಸುಮಾರು ಶೇ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಭಾರವೆಲ್ಲ ಹಿಂಬದಿಗೆ ಹೋದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿ, ಎಳೆಯುವ ವಾಹನವನ್ನೂ ನಿಯಂತ್ರಣ ತಪ್ಪಿಸಬಲ್ಲದು.